ಹಾಡುವ ಅಣಬೆ, ಕುಣಿಯುವ ಜೋಡು, ಕಾಗದ ನುಂಗುವ ಭೂಪ

ಅಣಬೆ ಹಾಡುತ್ತಿದೆ! ಪೈನ್ ಮರಗಳ ಬುಡದಲ್ಲಿ, ಕಾಲುದಾರಿಯ ಅಂಚಿಗೇ ನಿಂತಿರುವ ದಪ್ಪ ಕಾಂಡದ ಕೆಂಪು ಅಣಬೆ, ತಲೆಯ ಮೇಲೆ ಬಿಳಿ ಚುಕ್ಕೆಗಳು. ಜನ ಅದನ್ನು ಬರೀ ಅಲಂಕಾರಕ್ಕೆ ಇಟ್ಟದ್ದೆಂದುಕೊಂಡು ದಾಟಿ ಹೋಗುತ್ತಿದ್ದಾರೆ. ಪುಟ್ಟ ಪೋರಿಯೊಬ್ಬಳು ಮಾತ್ರ ಮಂಡಿಯೂರಿ, ಕೆನ್ನೆಯನ್ನು ಅದಕ್ಕೆ ಒತ್ತಿಕೊಂಡು, ಬಾಯಿ ಅರ್ಧ ತೆರೆದು ಅಲುಗಾಡದೆ ಕೂತಿದ್ದಾಳೆ. ಅವಳು ಎದ್ದು ಹೋದ ಮೇಲೆ ಕೋಟು ತೊಟ್ಟ ಹಿರಿಯರೊಬ್ಬರು ಅತ್ತಿತ್ತ ನೋಡಿ, ಯಾರೂ ಗಮನಿಸುತ್ತಿಲ್ಲ ಎಂದು ಖಾತ್ರಿ ಮಾಡಿಕೊಂಡು, ಸೊಂಟ ಹಿಡಿದುಕೊಂಡೇ ಬಗ್ಗಿ ಕಿವಿ ಹಚ್ಚುತ್ತಾರೆ. ಒಳಗಿನಿಂದ ಹಳೆಗಾಲದ ಯುರೋಪಿನ ಪುಟ್ಟ ಕುಣಿತದ ಧಾಟಿ, ತಂತಿಯನ್ನು ಉಗುರಲ್ಲಿ ಮೀಟಿದಂಥ ಟಿಣ್‌ಟಿಣ್ ನಾದ! ಮುಗಿಯಿತು ಅನ್ನುವಷ್ಟರಲ್ಲಿ ಮತ್ತೆ ಶುರು. ಹತ್ತು ಹೆಜ್ಜೆ ಮುಂದೆ ಹೋದರೆ ಇನ್ನೊಂದು ಅಣಬೆ!

ಇದು ನೆದರ್ಲೆಂಡ್ಸ್‌ನ ದಕ್ಷಿಣಕ್ಕಿರುವ ನಾರ್ತ್ ಬ್ರಬಾಂಟ್ ಪ್ರಾಂತ್ಯ, ಊರು ಕಾಟ್ಸ್‌ಹ್ಯೂವೆಲ್, ಪಾರ್ಕಿನ ಹೆಸರು ಎಫ್ಟೆಲಿಂಗ್. ವರ್ಷಕ್ಕೆ 50 ಲಕ್ಷಕ್ಕೂ ಮಿಕ್ಕಿ ಜನ ಬರುವ ಜಾಗ. ಐದು ಚೂಪು ಗೋಪುರಗಳ ಹುಲ್ಲು ಹೊದಿಸಿದ ದೈತ್ಯ ಛಾವಣಿ ಹೊತ್ತ ಹೆಬ್ಬಾಗಿಲಿಗೇ 'ಪಂಚೇಂದ್ರಿಯಗಳ ಮನೆ' ಎಂದು ಹೆಸರಿಟ್ಟಿದ್ದಾರೆ. ಬೆಳಿಗ್ಗೆ ಆ ಬಾಗಿಲು ತೆರೆದದ್ದೇ ತಡ, ಮುಕ್ಕಾಲು ಪಾಲು ಜನ ಓಟ ಕೀಳುತ್ತಾರೆ. ಕೆಲವರು 2017ರಲ್ಲಿ ತೆರೆದ ಸಿಂಬೋಲಿಕಾ ಎಂಬ ಅರಮನೆಯತ್ತ, ಕೆಲವರು 1981ರಿಂದ ಜನರನ್ನು ತಲೆಕೆಳಗು ಮಾಡುತ್ತಿರುವ ಪೈಥಾನ್ ರೋಲರ್ ಕೋಸ್ಟರ್‌ನತ್ತ. ಕೈಯಲ್ಲಿ ಮೊಬೈಲು, ಮೊಬೈಲಿನಲ್ಲಿ ಯಾವ ಆಟಕ್ಕೆ ಎಷ್ಟು ನಿಮಿಷದ ಕ್ಯೂ ಎಂಬ ಲೆಕ್ಕ.

ಓಡಲಿ, ಪಾಪ. ಅವರು ಓಡಿದಷ್ಟೂ ಕಾಡಿನ ಕಡೆ ಜಾಗ ಖಾಲಿ. ಈ ಪಾರ್ಕಿನ ನಿಜವಾದ ಮಾಯೆಯೆಲ್ಲ ಕ್ಯೂ ಇಲ್ಲದ ಕಡೆಗಳಲ್ಲಿದೆ, ಬೆಲ್ಟು ಕಟ್ಟಿಕೊಳ್ಳಬೇಕಿಲ್ಲದ ಕಡೆಗಳಲ್ಲಿದೆ, ಮೊಣಕಾಲಿನ ಎತ್ತರದಲ್ಲಿದೆ. ಬಗ್ಗಬೇಕು, ಇಣುಕಬೇಕು, ಸುಮ್ಮನೆ ನಿಲ್ಲಬೇಕು, ಅಷ್ಟೆ!

ಆ ಕಾಡೇ ಮೊದಲು ಬಂದದ್ದು. 1930ರ ದಶಕದಲ್ಲಿ ಇಲ್ಲಿದ್ದುದು ಊರಿನ ಕ್ಯಾಥೊಲಿಕ್ ಪಾದ್ರಿಗಳ ಮುತುವರ್ಜಿಯಿಂದ ಆದ ಆಟದ ಬಯಲು ಮತ್ತು ಅಡ್ಡಾಡುವ ತೋಪು. ಯುದ್ಧವೆಲ್ಲ ಮುಗಿದ ಮೇಲೆ ಮೇಯರ್ ಫಾನ್ ಡೆರ್ ಹೈಡನ್ ಅವರಿಗೆ, ಇದಕ್ಕೆ ಇನ್ನೇನಾದರೂ ಸೇರಿಸಬೇಕಲ್ಲ ಎಂಬ ಯೋಚನೆ ಹತ್ತಿತು. ಅವರ ಭಾವಮೈದುನ ಪೀಟರ್ ರೈಂಡರ್ಸ್ ಸಿನಿಮಾ ತೆಗೆಯುವವರು, ಯಂತ್ರಗಳ ಹುಚ್ಚಿನವರು. ಇಬ್ಬರೂ ಸೇರಿ ಚಿತ್ರಕಾರ ಆಂಟನ್ ಪೀಕ್ ಅವರ ಬೆನ್ನು ಬಿದ್ದರು. ಪೀಕ್ ಮೊದಲು ಒಪ್ಪಲೇ ಇಲ್ಲವಂತೆ. ರಟ್ಟು, ಪ್ಲಾಸ್ಟರಿನ ಸಂತೆ ಅಲಂಕಾರಕ್ಕೆ ನನ್ನ ಹೆಸರು ಬೇಡ ಅನ್ನುವ ಜಾತಿಯ ಮನುಷ್ಯ. ನಿಜವಾದ ಇಟ್ಟಿಗೆ, ನಿಜವಾದ ಮರ, ನಿಜವಾದ ಹೆಂಚು ಬಳಸುತ್ತೇವೆ ಎಂದು ಮಾತು ಕೊಟ್ಟ ಮೇಲೆ ಪೆನ್ಸಿಲ್ ಕೈಗೆತ್ತಿಕೊಂಡರು. 1952ರ ಮೇ 31ರಂದು ಹತ್ತು ಕಥೆಗಳ ಕಾಡು ತೆರೆಯಿತು. ಡಿಸ್ನಿಯವರ ಡಿಸ್ನಿಲ್ಯಾಂಡ್ ಬಾಗಿಲು ತೆರೆಯಲು ಇನ್ನೂ ಮೂರು ವರ್ಷ ಬಾಕಿಯಿತ್ತು ಆಗ!

ಪೀಕ್ ಅವರ ಮನೆಗಳನ್ನು ಹತ್ತಿರ ಹೋಗಿ ನೋಡಬೇಕು. ಒಂದು ಗೆರೆಯೂ ನೇರ ಇಲ್ಲ! ಹೊಗೆಗೂಡು ವಾಲಿದೆ, ಛಾವಣಿಯ ನೆತ್ತಿ ತಗ್ಗಿದೆ, ಕಿಟಕಿಯ ಚೌಕಟ್ಟು ಅರ್ಧ ಬೆರಳಿನಷ್ಟು ಓರೆ. ಕಟ್ಟಿದ ದಿನವೇ ನೂರು ವರ್ಷ ಹಳತಾಗಿ ಕಾಣಬೇಕೆಂದು ಕಟ್ಟಿದ ಮನೆಗಳಿವು. ಈಗ ಎಪ್ಪತ್ತು ದಾಟಿ, ಅಂದುಕೊಂಡ ವಯಸ್ಸಿಗೆ ತಾವೇ ಹತ್ತಿರವಾಗುತ್ತಿವೆ. ಇಟ್ಟಿಗೆಯ ಸಂದಿಯಲ್ಲಿ ನಿಜವಾದ ಪಾಚಿ, ಹೆಂಚಿನ ಮೇಲೆ ಮಳೆಗೆ ಕೊಳೆತ ಪೈನ್ ಸೂಜಿಗಳು. ಯಾವುದು ಬಣ್ಣ ಬಳಿದದ್ದು, ಯಾವುದು ಕಾಲ ಬಳಿದದ್ದು ಅಂತ ಈಗ ಯಾರು ಹೇಳುತ್ತಾರೆ?

ಮತ್ತು ಆ ಕೆಂಪು ಜೋಡು!

ಚಿಕ್ಕದೊಂದು ಅಂಗಳ, ಕಲ್ಲು ಹಾಸಿದ ನೆಲ. ಅದರ ಮೇಲೆ ಕೆಂಪು ಬಣ್ಣದ ಪುಟ್ಟ ಬೂಟುಗಳು. ಕಾಲಿಲ್ಲ, ಕಾಲಿನೊಡತಿ ಇಲ್ಲ, ಮೇಲೆ ದಾರವೂ ಇಲ್ಲ. ಕುಣಿಯುತ್ತಿವೆ! ಟಪ್ ಟಪ್, ಸರ್ರನೆ ತಿರುಗಿ, ಮತ್ತೆ ಟಪ್. ಸುತ್ತಲೂ ಮಕ್ಕಳು ಹೊಟ್ಟೆಯ ಮೇಲೆ ಮಲಗಿ, ಎಲ್ಲಿಂದ ಎಳೆಯುತ್ತಿದ್ದಾರೆ ಅಂತ ಹುಡುಕುತ್ತಿದ್ದಾರೆ. ಹ್ಯಾನ್ಸ್ ಕ್ರಿಶ್ಚಿಯನ್ ಆಂಡರ್ಸನ್ ಬರೆದ ಮೂಲ ಕಥೆ ಭಯಂಕರವಾದದ್ದು. ಕುಣಿತ ನಿಲ್ಲಿಸಲಾಗದ ಹುಡುಗಿ ಕೊನೆಗೆ ಕಾಲನ್ನೇ ಕಡಿಸಿಕೊಳ್ಳುತ್ತಾಳೆ, ಕಡಿದ ಕಾಲಿನ ಸಮೇತ ಜೋಡು ಕಾಡಿನೊಳಕ್ಕೆ ಕುಣಿದು ಹೋಗುತ್ತದೆ. ಇಲ್ಲಿ ನೋಡುತ್ತಿರುವುದು ಅದಾದ ನಂತರದ ಗಳಿಗೆಯನ್ನು ಎಂದು ಹೊಳೆದಾಗ ಬೆನ್ನಹುರಿಯಲ್ಲಿ ಸಣ್ಣಗೆ ಚಳಿ. ಇನ್ನೊಂದು ಸಂಗತಿ ಕೇಳಿ. ಕಾಟ್ಸ್‌ಹ್ಯೂವೆಲ್ ಇರುವ ಈ ಲಾಂಗ್‌ಸ್ಟ್ರಾಟ್ ಸೀಮೆ ಹಿಂದೆ ಚರ್ಮ ಹದ ಮಾಡಿ ಬೂಟು ಹೊಲಿಯುವವರ ಸೀಮೆ. ಪಕ್ಕದ ವಾಲ್‌ವೈಕ್ ಪಟ್ಟಣದಲ್ಲಿ ಅದಕ್ಕೆಂದೇ ಮ್ಯೂಸಿಯಂ ಇದೆ. ತಲೆತಲಾಂತರದಿಂದ ಬೂಟು ಹೊಲಿದ ಊರಿನಲ್ಲಿ, ಹೊಲಿದವರನ್ನೂ ತೊಡುವವರನ್ನೂ ಬಿಟ್ಟು ಬೂಟು ತಾನೇ ಎದ್ದು ಕುಣಿಯುತ್ತಿದೆ! ಪಾರ್ಕಿನವರು ಹೇಳಿಕೊಳ್ಳುವ ಸಂಬಂಧವೋ ಅಲ್ಲವೋ, ನನಗಂತೂ ಇದೇ ಇಷ್ಟ.

ತಲೆ ಎತ್ತಿದರೆ ಲಾಂಗ್‌ನೆಕ್. ಗ್ರಿಮ್ ಸಹೋದರರ ಕಥೆಯಲ್ಲಿ ಆರು ಜನ ಸೇವಕರಿದ್ದಾರಲ್ಲ, ಅವರಲ್ಲಿ ಒಬ್ಬ. ಕುಳಿತಿದ್ದವನು ಕುಳಿತೇ ಇರುತ್ತಾನೆ, ಕತ್ತು ಮಾತ್ರ ಮೇಲೇರುತ್ತದೆ, ಇನ್ನೂ ಏರುತ್ತದೆ, ಕೊಂಬೆಗಳ ಮಟ್ಟಕ್ಕೆ ಹೋಗಿ ಕಾಡನ್ನೆಲ್ಲ ಒಮ್ಮೆ ಕಣ್ಣಾಡಿಸಿ ನಿಧಾನಕ್ಕೆ ಇಳಿಯುತ್ತದೆ. 1952ರಿಂದಲೂ ಇದೊಂದೇ ಕೆಲಸ! ಪಂಜರದ ಗಿಣಿಯ ಕೆಲಸವೂ ಒಂದೇ: ನೀವು ಹೇಳಿದ್ದನ್ನು ನಿಮ್ಮ ದನಿಯಲ್ಲೇ ತಿರುಗಿ ಹೇಳುವುದು. ನಮ್ಮ ಕಾಲದ ಮಕ್ಕಳು ಹುಟ್ಟುವಾಗಲೇ ಮೊಬೈಲಿನಲ್ಲಿ ತಮ್ಮ ದನಿ ಕೇಳಿರುತ್ತಾರೆ. ಆದರೂ ಗಿಣಿಯ ಬಾಯಲ್ಲಿ ಕೇಳಿದಾಗ ಕೇಕೆ ಹಾಕಿ ಎರಡು ಹೆಜ್ಜೆ ಹಿಂದಕ್ಕೆ ಸರಿಯುತ್ತಾರೆ. ಯಾಕೋ ಗೊತ್ತಿಲ್ಲ. "ಊಟ ಆಯ್ತಾ?" ಎಂದು ಕನ್ನಡದಲ್ಲಿ ಕೇಳಿ ನೋಡಿ. ಡಚ್ ಗಿಣಿ ಅಷ್ಟೇ ಕಕ್ಕುಲಾತಿಯಿಂದ ನಿಮ್ಮನ್ನು ಕೇಳುತ್ತದೆ.

ಇನ್ನು ಕತ್ತೆ. ಇದೂ ಗ್ರಿಮ್ ಕಥೆಯದೇ. ನಾಣ್ಯ ಹಾಕಿದರೆ ಕತ್ತೆ ಹಿಂಬದಿಯಿಂದ, ಹೌದು, ಅಲ್ಲಿಂದಲೇ, ಒಂದು ನೆನಪಿನ ಬಿಲ್ಲೆಯನ್ನು ಟಣ್ಣನೆ ಉದುರಿಸುತ್ತದೆ. ಆರು ವರ್ಷದವರಿಗೆ ಇದಕ್ಕಿಂತ ದೊಡ್ಡ ತಮಾಷೆ ಈ ಭೂಮಿಯ ಮೇಲೆ ಇಲ್ಲ! ಅರವತ್ತರವರಿಗೂ ಅಷ್ಟೇ ಅನ್ನುವುದನ್ನು ಕಣ್ಣಾರೆ ಕಂಡಿದ್ದೇನೆ.

ಆದರೆ ಈ ಕಾಡಿನ ಮಹಾರಾಜ ಯಾರು ಅಂತೀರಿ? ಕಸದ ಬುಟ್ಟಿ!

ಹೊಲ್ಲೆ ಬೊಲ್ಲೆ ಖೈಸ್ ಎಂದು ಅವನ ಹೆಸರು. ಡಚ್ ಮಕ್ಕಳ ಶಿಶುಗೀತೆಯೊಂದರ ಹೊಟ್ಟೆಬಾಕ. ಗುಂಡು ಮೈ, ಗುಂಡು ಕೆನ್ನೆ, ಮುಖದ ತುಂಬ ಬಾಯಿ. ಆ ಬಾಯಿ ಸದಾ ತೆರೆದೇ ಇರುತ್ತದೆ. ಹತ್ತಿರ ಹೋಗುವ ಮೊದಲೇ ಕರೆ ಕೇಳುತ್ತದೆ: "ಪಾಪೀರ್ ಹೀರ್!" ಕಾಗದ ಇತ್ತ ಕೊಡಿ ಅಂತ. ಚೂರು ಕಾಗದ ಹಿಡಿದು ಅವನ ಬಾಯಿಯ ಹತ್ತಿರಕ್ಕೆ ಕೈ ಒಯ್ದರೆ ಸಾಕು, ಸುಂಯ್ ಎಂದು ಗಾಳಿ ಎಳೆದು ನಿಮ್ಮ ಬೆರಳಿನಿಂದಲೇ ಹೀರಿ ನುಂಗುತ್ತಾನೆ. ಆಮೇಲೆ ಸಭ್ಯಸ್ಥನ ಹಾಗೆ, "ದಾಂಕ್ ಯು ವೆಲ್" ಎಂದು ಥ್ಯಾಂಕ್ಸ್ ಬೇರೆ! ಆ ಎಳೆತಕ್ಕೆ ನಿಮ್ಮ ಬೆರಳೂ ಹೋದೀತೇನೋ ಎಂಬ ಒಂದು ಕ್ಷಣದ ಅಂಜಿಕೆಯೇ ಇದರ ಗಮ್ಮತ್ತು. ಪಾರ್ಕಿನ ಬೇರೆ ಬೇರೆ ಮೂಲೆಗಳಲ್ಲಿ ಇಂಥ ಖೈಸ್‌ಗಳು ಬಾಯಿ ತೆರೆದು ಕೂತಿದ್ದಾರೆ.

ಇದರ ಪರಿಣಾಮ ನೋಡಬೇಕು ನೀವು. ಮಕ್ಕಳು ಕಸ ಹುಡುಕಿಕೊಂಡು ಓಡುತ್ತವೆ! ಬೆಂಚಿನ ಕೆಳಗೆ, ಪೊದೆಯ ಹಿಂದೆ, ಅಪರಿಚಿತರ ಕೈಯಲ್ಲಿರುವ ಐಸ್‌ಕ್ರೀಮಿನ ಹೊದಿಕೆಯ ಮೇಲೆ ಕಣ್ಣಿಟ್ಟು, ಮುಗಿಯುವುದನ್ನೇ ಕಾಯುತ್ತವೆ. ಸಿಕ್ಕಿದ ಒಂದು ಕಾಗದಕ್ಕೆ ಅಣ್ಣ ತಂಗಿಯ ಜಗಳ, ಅಪ್ಪ ಅದನ್ನು ಹರಿದು ಎರಡು ಮಾಡುತ್ತಾನೆ, ಜಾಣೆಯಾದ ತಂಗಿ ತನ್ನ ಪಾಲನ್ನು ಮತ್ತೆ ನಾಲ್ಕು ಮಾಡಿ ನಾಲ್ಕು ಸಲ ಥ್ಯಾಂಕ್ಸ್ ಹೇಳಿಸಿಕೊಳ್ಳುತ್ತಾಳೆ. ಇಲ್ಲಿಗೆ ಹತ್ತಿರದ ಐಂಡ್‌ಹೋವನ್ ಚಿಪ್ ಮಾಡುವ ಯಂತ್ರಗಳ ಊರು. ಅಲ್ಲಿ ಕೆಲಸದಲ್ಲಿರುವ ಕನ್ನಡದ ಎಂಜಿನಿಯರುಗಳು ಬೇಸಿಗೆಯಲ್ಲಿ ಊರಿನಿಂದ ಬಂದ ಅಪ್ಪ ಅಮ್ಮನನ್ನು ಕರೆದುಕೊಂಡು ಬರುವ ಜಾಗಗಳಲ್ಲಿ ಇದೂ ಒಂದು. ಖೈಸ್‌ನ ಎದುರು ಇದ್ದಕ್ಕಿದ್ದಂತೆ ಕಿವಿಗೆ ಬಿತ್ತು: "ಅಜ್ಜೀ, ನಿನ್ ಬ್ಯಾಗಲ್ಲಿ ಪೇಪರ್ ಇದ್ಯಾ? ಬೇಗ ಕೊಡಜ್ಜೀ!" ಸ್ವೆಟರಿನ ಮೇಲೆ ಸೆರಗು ಹೊದ್ದ ಅಜ್ಜಿ ವ್ಯಾನಿಟಿ ಬ್ಯಾಗಿನಿಂದ ಕೋಡುಬಳೆ ಸುತ್ತಿ ತಂದಿದ್ದ ಕಾಗದ ತೆಗೆದರು. "ಎಣ್ಣೆ ಆಗಿದೆ ಕಣೋ, ಅವನ ಬಾಯಿ ಜಿಡ್ಡಾಗುತ್ತೆ." ಮೊಮ್ಮಗ ಕೇಳುವ ಸ್ಥಿತಿಯಲ್ಲಿರಲಿಲ್ಲ. ಖೈಸ್ ಕೋಡುಬಳೆಯ ಕಾಗದವನ್ನೂ ನುಂಗಿ, ಡಚ್ ಭಾಷೆಯಲ್ಲಿ ಉಪಕಾರ ಸ್ಮರಿಸಿದ. ಸ್ವಚ್ಛತೆಯ ಬಗ್ಗೆ ಗೋಡೆ ತುಂಬ ಬರೆಸುವ ನಮ್ಮ ನಗರಸಭೆಗಳು ಒಮ್ಮೆ ಬಂದು ಇವನ ಎದುರು ಅರ್ಧ ಗಂಟೆ ನಿಂತು ಹೋಗಬಾರದೇ!

ಈಗ ಗುಹೆಗೆ ಬನ್ನಿ. ಹೊರಗೆ ದೇಗುಲದಂಥ ಕಲ್ಲಿನ ರಚನೆ, ಒಳಗೆ ಕತ್ತಲು. ಕಣ್ಣು ಹೊಂದಿಕೊಂಡಾಗ ಎದುರಿಗೆ ಕೊಳ, ಕೊಳದಲ್ಲಿ ಮುಚ್ಚಿದ ನೈದಿಲೆಗಳು, ದಡದಲ್ಲಿ ವಾದ್ಯ ಹಿಡಿದ ಕಪ್ಪೆಗಳು! ಪ್ರದರ್ಶನದ ಹೆಸರು 'ಭಾರತದ ನೈದಿಲೆಗಳು'. 1966ರಿಂದ ನಡೆಯುತ್ತಿದೆ. ರಾತ್ರಿ ಕೊಳದ ಮೇಲೆ ಕುಣಿಯುತ್ತಿದ್ದ ಅಪ್ಸರೆಯಂಥ ಹುಡುಗಿಯರನ್ನು ಮಾಟಗಾತಿಯೊಬ್ಬಳು ನೈದಿಲೆಗಳನ್ನಾಗಿ ಮಾಡಿಬಿಟ್ಟಿದ್ದಾಳೆ. ಚಂದ್ರ ಬೆಳಗಿದಾಗ ಮಾತ್ರ ಅವರಿಗೆ ಬಿಡುಗಡೆ. ಕಪ್ಪೆಗಳು ಬಾರಿಸಲು ತೊಡಗುತ್ತವೆ, ಬಾತುಗಳು ದನಿಗೂಡಿಸುತ್ತವೆ, ಕತ್ತಲಲ್ಲಿ ಒಂದು ನೈದಿಲೆ ಎಸಳು ಬಿಚ್ಚುತ್ತದೆ, ಇನ್ನೊಂದು, ಮತ್ತೊಂದು... ಪ್ರತಿ ಹೂವಿನೊಳಗಿನಿಂದ ಅಂಗೈಯಗಲದ ನರ್ತಕಿ ಎದ್ದು ಗಿರ್ರನೆ ತಿರುಗುತ್ತಾಳೆ!

ಈ ಕಥೆ ಬರೆದದ್ದು ಯಾರು ಗೊತ್ತೇ? ಒಬ್ಬ ರಾಣಿ! ಮ್ಯಾಡ್ರಿಡ್‌ನಲ್ಲಿ ಹುಟ್ಟಿದ ಫಾಬಿಯೋಲಾ, ಮದುವೆಗೆ ಮೊದಲು ಮಕ್ಕಳಿಗಾಗಿ ಹನ್ನೆರಡು ಅದ್ಭುತ ಕಥೆಗಳ ಪುಸ್ತಕ ಬರೆದಿದ್ದರು. 1960ರಲ್ಲಿ ಬೆಲ್ಜಿಯಂನ ದೊರೆ ಬೋದುವಾನ್ ಅವರನ್ನು ವರಿಸಿ ರಾಣಿಯಾದರು. ಆ ಹನ್ನೆರಡರಲ್ಲಿ ಒಂದು ಇದು. ಕಪ್ಪೆಗಳ ವಾದ್ಯಮೇಳದ ಸಂಗೀತ ಜರ್ಮನಿಯ ಬರ್ಟ್ ಕೆಂಫರ್ಟ್ ಅವರದು. ಇನ್ನೂ ಹೆಸರು ಮಾಡದಿದ್ದ ಬೀಟಲ್ಸ್ ಹುಡುಗರನ್ನು 1961ರಲ್ಲಿ ಹ್ಯಾಂಬರ್ಗ್‌ನಲ್ಲಿ ರೆಕಾರ್ಡ್ ಮಾಡಿಸಿದ ಮನುಷ್ಯ. ಮೈ ಜುಮ್ಮೆನ್ನಿಸುವ ಆ ಹೆಣ್ಣು ದನಿ, ಪಾತಾಳದಿಂದ ಹಕ್ಕಿಯ ಕೂಗಿನವರೆಗೆ ಒಂದೇ ಉಸಿರಿಗೆ ಜಿಗಿಯುವ ದನಿ, ಪೆರು ದೇಶದ ಈಮಾ ಸುಮಾಕ್ ಅವರದು. ಲೆಕ್ಕ ಹಾಕಿ: ಸ್ಪೇನಿನಲ್ಲಿ ಹುಟ್ಟಿದ ಬೆಲ್ಜಿಯಂ ರಾಣಿಯ ಕಥೆ, ಜರ್ಮನಿಯ ವಾದ್ಯ, ಪೆರುವಿನ ಕಂಠ, ಡಚ್ಚರ ಯಂತ್ರ. ಭಾರತದಿಂದ ಬಂದದ್ದು ಹೆಸರು ಮಾತ್ರ! ಅಷ್ಟು ಪಾಲಿಗೇ ನಾವು ಕತ್ತಲಲ್ಲಿ ಎದೆಯುಬ್ಬಿಸಿ ನಿಂತಿರುತ್ತೇವೆ ಅನ್ನುವುದು ಬೇರೆ ಮಾತು. ಪ್ರದರ್ಶನ ಮುಗಿದಾಗ ಮುಂದಿನ ಸಾಲಿನ ಮಕ್ಕಳು ಎದ್ದು ಹೋಗುತ್ತಾರೆ, ಹಿಂದಿನ ಸಾಲಿನ ದೊಡ್ಡವರು ಮುಂದೆ ಸರಿದು ಇನ್ನೊಂದು ಆಟಕ್ಕೆ ಕಾಯುತ್ತಾರೆ. ಎರಡನೆಯ ಸಲ ಕಪ್ಪೆಗಳನ್ನು ಬಿಟ್ಟು ಮೇಲೆ ನೋಡಿ. ಮಾಟಗಾತಿಯ ಕಣ್ಣು ಹೊತ್ತಿಕೊಳ್ಳುವುದು ಮೊದಲ ಸಲ ಹೆಚ್ಚಿನವರಿಗೆ ತಪ್ಪಿಹೋಗಿರುತ್ತದೆ.

ನಮ್ಮ ಕಡೆಯವನಂತೆ ಕಾಣುವ ಇನ್ನೊಬ್ಬ ಇಲ್ಲಿದ್ದಾನೆ. ಎರಡು ಗೋಪುರ, ನಡುವೆ ಹೂದೋಟ. ಒಂದು ಗೋಪುರದಲ್ಲಿ ಪೇಟ ಸುತ್ತಿದ ಫಕೀರ ಕೂತು ಕೊಳಲಂಥದೇನನ್ನೋ ಊದುತ್ತಾನೆ. ಹಾವು ಏಳುತ್ತದೆ ಅಂದುಕೊಂಡಿರಾ? ಎದ್ದದ್ದು ಟ್ಯುಲಿಪ್! ಮಣ್ಣಿನಿಂದ ಒಂದೊಂದೇ ಟ್ಯುಲಿಪ್ ತಲೆಯೆತ್ತುತ್ತದೆ, ಆಮೇಲೆ ಫಕೀರ ತನ್ನ ಜಮಖಾನದ ಸಮೇತ ಗಾಳಿಯಲ್ಲಿ ತೇಲಿಕೊಂಡು ಆಚೆ ಗೋಪುರಕ್ಕೆ ಹೋಗಿ ಕೂರುತ್ತಾನೆ. 1958ರಿಂದ ಇದೇ ಓಡಾಟ. ಪೂರ್ವದೇಶ ಎಂದರೆ ಪೇಟ, ಪುಂಗಿ, ಹಾರುವ ಚಾಪೆ ಎಂಬ ಆ ಕಾಲದ ಯುರೋಪಿನ ಕಲ್ಪನೆ ಇದರಲ್ಲಿ ಢಾಳಾಗಿದೆ, ಇಲ್ಲವೆನ್ನುವುದು ಬೇಡ. ಕಲ್ಪನೆ ಕೆಟ್ಟ ದಾರಿ ಹಿಡಿದದ್ದೂ ಈ ಪಾರ್ಕಿನಲ್ಲಿತ್ತು. ನರಭಕ್ಷಕನ ಹಂಡೆಯಲ್ಲಿ ಕೂತು ಗಿರಗಿರ ಸುತ್ತುವ 'ಮೊಸ್ಯು ಕಾನಿಬಾಲ್' ಎಂಬ ಆಟ 1988ರಿಂದ ನಡೆದಿತ್ತು. ಆಫ್ರಿಕದವರನ್ನು ಹೀಗೆ ತೋರಿಸುವುದು ಏನು ಚೆಂದ ಎಂಬ ಟೀಕೆ ಬೆಳೆದ ಮೇಲೆ ಅದನ್ನು ತೆಗೆದು, ಮರುಭೂಮಿಯ ಗಾಳಿಯ ಹೆಸರಿನ ಬೇರೆ ಆಟ ಮಾಡಿದರು. ಒಳ್ಳೆಯದಾಯಿತು. ಫಕೀರನ ಮೇಲೆ ಮಾತ್ರ ನನಗೆ ಮುನಿಸು ಬರುತ್ತಿಲ್ಲ. ಡಚ್ಚರ ನೆಲದಲ್ಲಿ ಡಚ್ಚರ ಹೂವನ್ನೇ ಎಬ್ಬಿಸುವ ಧೈರ್ಯದವನು, ಇರಲಿ ಬಿಡಿ.

ಸದ್ದು ಕಮ್ಮಿ ಮಾಡಿ, ಕೋಟೆಯೊಳಗೆ ಎಲ್ಲರೂ ಮಲಗಿದ್ದಾರೆ! ನಿದ್ರಾಸುಂದರಿಯ ಈ ಕೋಟೆಯಲ್ಲಿ ಕಾವಲುಗಾರನಿಗೂ ನಿದ್ದೆ, ಅಡುಗೆಯವನಿಗೂ ನಿದ್ದೆ. ಕಿಂಡಿಯಿಂದ ರಾಜಕುಮಾರಿಯನ್ನು ನೋಡಿ ಜನ ಫೋಟೋ ಹೊಡೆದು ಮುಂದೆ ಹೋಗುತ್ತಾರೆ. ನಿಲ್ಲಿ, ಇನ್ನೊಂದು ಚೂರು ನಿಲ್ಲಿ. ಅವಳ ಎದೆಯ ಮೇಲಿನ ಬಟ್ಟೆ ನೋಡಿ. ಏರಿತು. ಇಳಿಯಿತು. ಉಸಿರಾಡುತ್ತಿದ್ದಾಳೆ! ಗೊತ್ತಾದ ಮೇಲೆ ಅಲ್ಲಿಂದ ಕಾಲು ಕೀಳುವುದೇ ಕಷ್ಟ, ನಮ್ಮ ಉಸಿರೂ ಅದೇ ಲಯಕ್ಕೆ ಬಂದುಬಿಟ್ಟಿರುತ್ತದೆ.

2004ರಲ್ಲಿ ಸೇರಿಸಿದ ಬೆಂಕಿಕಡ್ಡಿ ಮಾರುವ ಹುಡುಗಿಯ ಕಥೆಯಂತೂ... ಹಿಮ ಬೀಳುವ ಬೀದಿ, ಮೂಲೆಯಲ್ಲಿ ಮುದುಡಿ ಕೂತ ಹುಡುಗಿ. ಒಂದು ಕಡ್ಡಿ ಗೀರುತ್ತಾಳೆ. ಆ ಬೆಳಕಿನಷ್ಟು ಹೊತ್ತು ಅವಳು ಆಸೆಪಟ್ಟದ್ದು ಗಾಳಿಯಲ್ಲಿ ಮೂಡಿ ನಿಲ್ಲುತ್ತದೆ, ಕಡ್ಡಿ ಆರಿದಾಗ ಅದೂ ಇಲ್ಲ. ಕೊನೆಗೆ ಅಜ್ಜಿ ಬರುತ್ತಾಳೆ. ಹಿಂದಿರುವುದು 1860ರ ದಶಕದಲ್ಲಿ ಲಂಡನ್ನಿನ ನಾಟಕದವರು ದೆವ್ವ ತೋರಿಸಲು ಬಳಸುತ್ತಿದ್ದ ಉಪಾಯ: ಪ್ರೇಕ್ಷಕರ ಎದುರಿಗೆ ಕಾಣದಂತೆ ಓರೆಯಾಗಿ ನಿಲ್ಲಿಸಿದ ಗಾಜು, ಬದಿಯಲ್ಲಿ ಅಡಗಿಸಿಟ್ಟ ವಸ್ತು. ವಸ್ತುವಿನ ಮೇಲೆ ಬೆಳಕು ಬಿದ್ದರೆ ಗಾಜಿನಲ್ಲಿ ಅದರ ಬಿಂಬ ಮೂಡಿ, ವೇದಿಕೆಯ ನಡುವೆಯೇ ನಿಂತಂತೆ ಕಾಣುತ್ತದೆ. ಬೆಳಕು ತೆಗೆದರೆ ಮಾಯ. ಗುಟ್ಟು ಗೊತ್ತಿದ್ದೂ ಗಂಟಲು ಕಟ್ಟುತ್ತದೆ. ಹೊರಗೆ ಬರುವಾಗ ಎಷ್ಟೋ ಗಟ್ಟಿ ಆಸಾಮಿಗಳು ಕನ್ನಡಕ ಒರೆಸುವ ನೆವದಲ್ಲಿ ಕಣ್ಣು ಒರೆಸಿಕೊಳ್ಳುತ್ತಿರುತ್ತಾರೆ.

ಕಾಡಿನಿಂದ ಹೊರಬಿದ್ದರೆ ಪೀಕ್ ಅವರದೇ ಹೆಸರಿನ ಚೌಕ. ಸಣ್ಣ ಪೋರರಿಗೆ 1954ರಿಂದ ಇರುವ ಪುಟಾಣಿ ರೈಲು ಹಳಿ, ಅವರವರ ಗಾಡಿಯನ್ನು ಅವರವರೇ ಓಡಿಸಿಕೊಳ್ಳಬೇಕು. ಚೌಕದ ಪಕ್ಕದ ದೊಡ್ಡ ಕಟ್ಟಡದೊಳಗೆ 1956ರಲ್ಲಿ ಇಲ್ಲಿಗೆ ಬಂದ ಹಬೆ ಯಂತ್ರದ ಕಾಲದ ಕುದುರೆ ತಿರುಗಣಿ. ಕನ್ನಡಿ, ಕೆತ್ತನೆ, ದೀಪ, ಆರ್ಗನ್ನಿನ ಗದ್ದಲ. ಹತ್ತೊಂಬತ್ತನೆಯ ಶತಮಾನದ ಕೊನೆಯ ಜಾತ್ರೆಗಳಲ್ಲಿ ದೊಡ್ಡವರೇ ಕಾಸು ಕೊಟ್ಟು ಕೂರುತ್ತಿದ್ದ ಸರಕು ಇದು, ಮಕ್ಕಳದಲ್ಲ. ಈಗಲೂ ಅಜ್ಜಿ ತಾತಂದಿರು ಯಾವ ಸಂಕೋಚವೂ ಇಲ್ಲದೆ ಕುದುರೆ ಏರಿ ಕೂರುತ್ತಾರೆ.

ಅದೇ ಕಟ್ಟಡದಲ್ಲಿ ಯಾರೂ ಹೊಗದ ಇನ್ನೊಂದು ಬಾಗಿಲಿದೆ. ದಯವಿಟ್ಟು ಹೊಗಿ! ಗಾಜಿನ ಆಚೆ ಉದ್ದಕ್ಕೆ ಹರಡಿಕೊಂಡ ಪುಟ್ಟ ಜಗತ್ತು. ಬೆಟ್ಟ, ಬೆಟ್ಟದ ತುದಿಗೆ ಅಂಟಿದ ಊರು, ಸೇತುವೆ, ಸುರಂಗದಿಂದ ಹೊರಬರುವ ರೈಲು, ಹೆಬ್ಬೆರಳಿನ ಗಾತ್ರದ ಮನೆಯ ಕಿಟಕಿಯಲ್ಲಿ ದೀಪ. 1971ರದು, ಪೀಕ್ ಅವರ ಕೈಯ ಕಲ್ಪನೆ. ನಾಲ್ಕು ಹೆಜ್ಜೆ ಸರಿದರೆ ಹಗಲು ಇರುಳಾಗಿರುತ್ತದೆ. ರೈಲು ಈಗ ಎಲ್ಲಿಂದ ಹೊರಬರುತ್ತದೆ ಎಂದು ಪಂಥ ಕಟ್ಟಿಕೊಂಡು ನಿಂತರೆ ಹೊತ್ತು ಹೋದದ್ದು ಗೊತ್ತಾಗುವುದಿಲ್ಲ, ನಾನು ಹೇಳಿದ ಸುರಂಗದಿಂದ ಅದು ಒಮ್ಮೆಯೂ ಬರಲಿಲ್ಲ ಅನ್ನುವುದು ಬೇರೆ.

ಹಸಿವಾಯಿತೇ? ಮೂಗು ಕರೆದೊಯ್ಯುವ ಕಡೆ ಹೋಗಿ, ಅಲ್ಲಿ ಪೊಫರ್ಟ್ಯೆಸ್ ಬೇಯುತ್ತಿರುತ್ತದೆ. ಗುಳಿ ಗುಳಿಯ ಹಂಚು, ಗುಳಿಗೊಂದು ಸೌಟಿನ ತುದಿಯಷ್ಟು ಹಿಟ್ಟು, ಒಂದು ಬದಿ ಬೆಂದ ಕೂಡಲೇ ಕಡ್ಡಿಯಿಂದ ತಟ್ಟನೆ ಮಗುಚುವ ಕೈಚಳಕ. ಥೇಟ್ ನಮ್ಮ ಪಡ್ಡು! ಹಿಟ್ಟು ಮಾತ್ರ ಗೋಧಿಯ ಜೊತೆ ಬಕ್‌ವೀಟ್ ಸೇರಿದ್ದು, ಹುಳಿ ಬರಿಸುವುದು ಯೀಸ್ಟಿನಿಂದ. ಚಟ್ನಿಯ ಜಾಗದಲ್ಲಿ ಒಂದು ಬೆಣ್ಣೆಯ ಮುದ್ದೆ, ಮೇಲೆ ಹಿಮ ಸುರಿದಂತೆ ಸಕ್ಕರೆ ಪುಡಿ. ಬಿಸಿಗೆ ಬೆಣ್ಣೆ ಕರಗಿ ಸಕ್ಕರೆ ತೋಯುವ ಆ ಅರ್ಧ ನಿಮಿಷದೊಳಗೆ ಬಾಯಿಗೆ ಹಾಕಿಕೊಂಡರೆ ಉಂಟು, ತಡವಾದರೆ ಬರೀ ಸಿಹಿ ಬನ್ನು. ಗಾಳಿಗೆ ಬೆನ್ನು ಕೊಟ್ಟು ಕೂರುವುದು ಲೇಸು. ಇಲ್ಲವಾದರೆ ಸಕ್ಕರೆಯೆಲ್ಲ ಪಕ್ಕದವರ ಕೋಟಿನ ಮೇಲೆ.

ಹೊಟ್ಟೆ ತುಂಬಿದ ಮೇಲೆ ಗೊಂಡೊಲೆಟ್ಟಾ. ನೀರಿನಡಿಯ ಹಗ್ಗ ಎಳೆದುಕೊಂಡು ಹೋಗುವ ಮಾಡು ಹಾಕಿದ ದೋಣಿಗಳು. ವೇಗ ಅಂದರೆ, ದಡದಲ್ಲಿ ನಡೆಯುವ ಬಾತುಕೋಳಿ ನಮ್ಮನ್ನು ದಾಟಿ ಹೋಯಿತು. ಯಾರೂ ಕಿರುಚುವುದಿಲ್ಲ, ಏನೂ ಹಠಾತ್ತಾಗಿ ಎದುರಾಗುವುದಿಲ್ಲ. ಎದುರಿನ ಸೀಟಿನ ದಂಪತಿ ಕಣ್ಣು ಮುಚ್ಚಿದ್ದರು. ದೂರದಲ್ಲಿ ಪೈಥಾನ್ ಮೇಲಿನವರ ಆರ್ತನಾದ ಗಾಳಿಯಲ್ಲಿ ಬಂದಾಗ ಮಾತ್ರ ಗಂಡ ಒಂದು ಕಣ್ಣು ತೆರೆದು ನಕ್ಕ.

ಲಾಫ್ ಎಂಬ ಕುಳ್ಳರ ಊರಿಗೆ ಹೋಗುವವರು ಇನ್ನೂ ಕಡಿಮೆ. ಪೀಕ್ ನಂತರ ಪಾರ್ಕಿನ ಕಲ್ಪನೆಯ ಭಾರ ಹೊತ್ತ ಟಾನ್ ಫಾನ್ ಡೆ ವೆನ್ 1990ರಲ್ಲಿ ಕಟ್ಟಿದ ಊರಿದು. ಇದಕ್ಕೆ ಗ್ರಿಮ್ ಬೇಕಿಲ್ಲ, ಆಂಡರ್ಸನ್ ಬೇಕಿಲ್ಲ, ಜನಾಂಗವನ್ನೇ ಅವರು ಹೊಸದಾಗಿ ಹುಟ್ಟಿಸಿದರು. ಉದ್ದ ಮೂಗಿನ, ಕುಂಡೆ ಭಾರದ, ಎಳೆ ಮುಖದಲ್ಲೇ ಮುದುಕರಾಗಿರುವ ಮಂದಿ. ಅವರ ಹೆರಿಗೆ ಮನೆ ಬೇರೆ, ಶಾಲೆ ಬೇರೆ, ಜಾರುಬಂಡೆ ಇರುವ ಮನೆ ಬೇರೆ. ಎಲ್ಲದಕ್ಕೂ ಬಾಗಿಲು ತಗ್ಗು, ನೆತ್ತಿ ಜೋಪಾನ! ನೆತ್ತಿಯ ಮೇಲಿನ ಹಳಿಯಲ್ಲಿ ಬಸವನಹುಳುವಿನ ಗಾಡಿಗಳು ತೆವಳುತ್ತಿರುತ್ತವೆ. ಮಧ್ಯಾಹ್ನ ಉಳಿದ ಪಾರ್ಕೆಲ್ಲ ಗಿಜಿಗುಟ್ಟುವಾಗ ಇಲ್ಲಿ ಬಾಣಂತಿ ಕೋಣೆಯ ಕಿಟಕಿಗೆ ಮೂಗೊತ್ತಿ ಎಷ್ಟು ಹೊತ್ತಾದರೂ ನಿಲ್ಲಬಹುದು, ಯಾರೂ ಹಿಂದಿನಿಂದ ತಳ್ಳುವುದಿಲ್ಲ.

ಸಂಜೆಯ ಕಾರಂಜಿ ಪ್ರದರ್ಶನಕ್ಕೆ ಹೇಗೂ ಎಲ್ಲರೂ ಹೋಗುತ್ತಾರೆ, ಅದನ್ನು ಬಣ್ಣಿಸುವುದು ಬೇಡ.

ಹೋಗುವವರಿಗೆ ಒಂದೆರಡು ಮಾತು. ಆಮ್‌ಸ್ಟರ್ಡಾಮ್ ಕಡೆಯಿಂದಾದರೆ ರೈಲಿನಲ್ಲಿ ಡೆನ್ ಬಾಸ್, ಅಲ್ಲವೇ ಟಿಲ್ಬರ್ಗ್‌ವರೆಗೆ ಬಂದು ಅಲ್ಲಿಂದ ಬಸ್ಸು ಹಿಡಿಯಬಹುದು. ಪಾರ್ಕು 2010ರಿಂದ ವರ್ಷಪೂರ್ತಿ ತೆರೆದಿರುತ್ತದೆ. ಮಳೆ ಬಂತೆಂದು ಗೋಳಾಡಬೇಡಿ, ಮಳೆಯ ದಿನ ಕೆಂಪು ಅಣಬೆಗಳ ಬಣ್ಣ ಇನ್ನಷ್ಟು ಕೆಂಪು, ಜನ ಇನ್ನಷ್ಟು ಕಮ್ಮಿ. ಜೊತೆಗೆ ಹಠಮಾರಿ ಹರೆಯದವರಿದ್ದರೆ ಅವರನ್ನು ರೋಲರ್ ಕೋಸ್ಟರ್‌ಗಳ ಕಡೆ ಕಳಿಸಿಬಿಡಿ, ಅವರು ಎರಡು ಆಟ ಮುಗಿಸುವಷ್ಟರಲ್ಲಿ ನೀವು ಕಾಡನ್ನೆಲ್ಲ ಸುತ್ತಿರುತ್ತೀರಿ. ಕಿಸೆಯಲ್ಲಿ ಒಂದಿಷ್ಟು ಚಿಲ್ಲರೆ ಯೂರೋ ಇಟ್ಟುಕೊಳ್ಳಿ, ಕತ್ತೆಗೆ ಬೇಕಾಗುತ್ತದೆ. ಅಲ್ಲಿ ಮಕ್ಕಳ ಸಾಲಿದ್ದರೆ ಬೇಸರಿಸದೆ ನಿಲ್ಲಿ. ಇಡೀ ಪಾರ್ಕಿನಲ್ಲಿ ನಿಂತು ಕಾಯಲು ಲಾಯಕ್ಕಾದ ಕ್ಯೂ ಅದೊಂದೇ.